ಫೈಂಡ್ ಅಂಡ್ ರಿಪ್ಲೇಸ್ ಮಾಡಿ ನೋಡಿ

ಇದರ ಬಗ್ಗೆ ಬರೀಬೇಕು ಅಂತ ಸುಮಾರು ದಿನದಿಂದ ಅಂದುಕೊಳ್ತಾನೇ ಇದ್ದೆ. ಆಫೀಸಿನಲ್ಲಿ ಒಂದು ರಿಲೀಸು, ಅದು ಮುಗಿದ ಮೇಲೆ ಅದರ ಬಗ್‌ಗಳು, ಹೀಗೇ ಮುಂದಕ್ಕೆ ಹೋಗ್ತಾ ಇತ್ತು. ಈ ಶನಿವಾರ ಪುರುಸೊತ್ತು ಸಿಕ್ಕಿದೆ, ಕೂತುಬಿಟ್ಟಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಪಕ್ಕದಲ್ಲಿ ಕಾಫಿ ಇಟ್ಕೊಂಡು ಓದಿ :-)

ವಿಷಯ ಏನಪ್ಪಾ ಅಂದ್ರೆ, ನಾವು ದಿನಾ ನೋಡೋ ಸಿನಿಮಾ, ಧಾರಾವಾಹಿ, ಜಾಹೀರಾತು, ನ್ಯೂಸ್ ಚಾನೆಲ್‌ಗಳಲ್ಲಿ ಮನುಷ್ಯರನ್ನು ಅಚ್ಚಿಗೆ ಹಾಕಿ ತೆಗೆಯೋದು. ಸೇಟು ಅಂದ್ರೆ ಬಡ್ಡಿ ಎಣಿಸಬೇಕು. ಗೂರ್ಖಾ ಅಂದ್ರೆ 'ಶಾಬ್‌ಜೀ' ಅಂತ ಸಲಾಂ ಹೊಡೀಬೇಕು. ಕಪ್ಪಗೆ ದಪ್ಪಗೆ ಇದ್ದವನು ವಿಲನ್ನಿನ ಬಲಗೈ ಬಂಟ ಆಗಲೇಬೇಕು. ಜೀನ್ಸ್ ಹಾಕಿದ ಹುಡುಗಿಗೆ ಇಂಟರ್‌ವಲ್ ತನಕ ಜಂಬ, ಇಂಟರ್‌ವಲ್ ಆದ ಮೇಲೆ ಸೀರೆ. ಇದನ್ನು ಯಾರಾದ್ರೂ ಎತ್ತಿ ತೋರಿಸಿದ ತಕ್ಷಣ ಬರೋ ಉತ್ತರ ಒಂದೇ: 'ಅಯ್ಯೋ ಬಿಡಿ ಸಾರ್, ಎಲ್ಲಾ ತಮಾಷೆಗೆ.'

ತಮಾಷೆ ಹೌದೋ ಅಲ್ಲವೋ ಅಂತ ನೋಡೋಕೆ ನನ್ನ ಹತ್ರ ಒಂದು ಸುಲಭದ ಟೆಸ್ಟ್ ಇದೆ. ನಾವು ಸಾಫ್ಟ್‌ವೇರ್‌ನವರು ದಿನಕ್ಕೆ ಹತ್ತು ಸಲ ಮಾಡೋ ಕೆಲಸ, ಫೈಂಡ್ ಅಂಡ್ ರಿಪ್ಲೇಸ್. ವಾಕ್ಯದಲ್ಲಿರೋ ಗುಂಪಿನ ಹೆಸರು ತೆಗೀರಿ, ಆ ಜಾಗಕ್ಕೆ ನಿಮ್ಮ ಗುಂಪಿನ ಹೆಸರು ಹಾಕಿ, ಮತ್ತೊಮ್ಮೆ ಓದಿ. ಈಗ ಚುಚ್ಚಿತಾ? ಹಾಗಾದ್ರೆ ಅದು ಮೊದಲೂ ಚುಚ್ಚುತ್ತಾನೇ ಇತ್ತು. ಚುಚ್ಚಿಸಿಕೊಳ್ತಾ ಇದ್ದವರು ಬೇರೆಯವರು ಅಷ್ಟೆ.

ನಾವೇ ಅಚ್ಚಿನೊಳಗೆ ಬಿದ್ದಾಗ ಏನಾಗುತ್ತೆ ಅನ್ನೋದು ನಮಗೆ ಚೆನ್ನಾಗಿ ಗೊತ್ತು. 1968ರ 'ಪಡೋಸನ್' ಚಿತ್ರದಲ್ಲಿ ಮೆಹಮೂದ್ ಜುಟ್ಟು, ಪಂಚೆ ಹಾಕ್ಕೊಂಡು 'ಮದ್ರಾಸಿ' ಸಂಗೀತ ಮೇಷ್ಟ್ರಾದ್ರು. 1990ರ 'ಅಗ್ನಿಪಥ್'ನಲ್ಲಿ ಮಿಥುನ್ ಚಕ್ರವರ್ತಿ ಎಳನೀರು ಮಾರೋ ಕೃಷ್ಣನ್ ಅಯ್ಯರ್ ಎಂ.ಎ. ಆದ್ರು. ಉತ್ತರದವರಿಗೆ ವಿಂಧ್ಯದ ಕೆಳಗಿರೋರೆಲ್ಲಾ ಒಂದೇ, 'ಅಯ್ಯಯ್ಯೋ' ಅಂದ್ರೆ ಪಾತ್ರ ಮುಗೀತು. ಅಮೆರಿಕದ 'ದ ಸಿಂಪ್ಸನ್ಸ್' ಕಾರ್ಟೂನಿನಲ್ಲಿ ಅಂಗಡಿ ಇಟ್ಟ ಅಪು 1990ರಿಂದ ಇದ್ದಾನೆ. ಅವನ ಇಂಗ್ಲಿಷ್‌ಗೆ ದನಿ ಕೊಡ್ತಾ ಇದ್ದದ್ದು ಹ್ಯಾಂಕ್ ಅಜಾರಿಯಾ ಅನ್ನೋ ಬಿಳಿಯ ನಟ. ಅಲ್ಲಿನ ಭಾರತೀಯ ಮೂಲದ ಹುಡುಗರು ಶಾಲೆಯಲ್ಲಿ ಆ ದನಿ ಕೇಳಿಸಿಕೊಂಡೇ ಬೆಳೆದ್ರು. 2017ರಲ್ಲಿ ಹರಿ ಕೊಂಡಬೋಲು ಅದರ ಮೇಲೆ ಒಂದು ಡಾಕ್ಯುಮೆಂಟರಿನೇ ಮಾಡಿದ್ರು, 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ರು. ಇನ್ನು ಔಟ್‌ಸೋರ್ಸಿಂಗ್ ಗಲಾಟೆಯ ಕಾಲದಲ್ಲಂತೂ ನಮ್ಮ ಊರಿನ ಹೆಸರೇ ಅಲ್ಲಿ ಕ್ರಿಯಾಪದ ಆಗಿಹೋಗಿತ್ತು. ಕೆಲಸ ಹೋಯ್ತು ಅಂದ್ರೆ 'ಬ್ಯಾಂಗಲೋರ್ಡ್'! ಆಗ ನಮಗೆ ಯಾರಿಗೂ ನಗು ಬರಲಿಲ್ಲ.

ಸರಿ. ಈಗ ನಾವು ಬೇರೆಯವರನ್ನು ಹೇಗೆ ಬರೀತೀವಿ ನೋಡೋಣ.

*

ಮೊದಲು ಬಣ್ಣ. ಹಿಂದುಸ್ತಾನ್ ಲಿವರ್ ಕಂಪನಿ 'ಫೇರ್ ಅಂಡ್ ಲವ್ಲಿ' ತಂದದ್ದು 1975ರಲ್ಲಿ. ಕಪ್ಪಗಿದ್ದ ಹುಡುಗಿಗೆ ಕೆಲಸ ಇಲ್ಲ, ಗಂಡು ಇಲ್ಲ, ಕ್ರೀಮು ಹಚ್ಚಿದ ಮೇಲೆ ಎರಡೂ ಉಂಟು. ಇದೇ ಕಥೆ ಮೂರು ದಶಕ ಓಡಿತು. ಮಹಿಳಾ ಸಂಘಟನೆಗಳ ದೂರಿನಿಂದ 2003ರಲ್ಲಿ ಕೆಲವು ಜಾಹೀರಾತು ನಿಂತವು. 2005ರಲ್ಲಿ ಗಂಡಸರಿಗೂ 'ಫೇರ್ ಅಂಡ್ ಹ್ಯಾಂಡ್ಸಮ್' ಬಂತು, ಲಿಂಗ ಸಮಾನತೆ ಅಂದ್ರೆ ಹೀಗಿರಬೇಕು! 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ, ಕಪ್ಪಗಿರೋರನ್ನು ಸೋತವರ ಹಾಗೆ, ದುಃಖದಲ್ಲಿರೋರ ಹಾಗೆ ತೋರಿಸಬಾರದು ಅಂತ ನಿಯಮ ಮಾಡಿತು. ಕೊನೆಗೆ 2020ರ ಜುಲೈನಲ್ಲಿ ಕ್ರೀಮಿನ ಹೆಸರು 'ಗ್ಲೋ ಅಂಡ್ ಲವ್ಲಿ' ಆಯ್ತು. ಅಂದ್ರೆ ಅವರೂ ಫೈಂಡ್ ಅಂಡ್ ರಿಪ್ಲೇಸ್ ಮಾಡಿದ್ರು, ಆದ್ರೆ ಒಂದೇ ಒಂದು ಪದಕ್ಕೆ.

ಕಪ್ಪು ಹುಡುಗಿಯ ಪರವಾಗಿರೋ ಕಥೆಗಳ ಕಥೆನೂ ಸ್ವಲ್ಪ ನೋಡಿ. ಮಲಯಾಳಂನಲ್ಲಿ 2014ರಲ್ಲಿ 'ಕರುತ್ತಮುತ್ತು' ಅಂತ ಧಾರಾವಾಹಿ ಶುರುವಾಯ್ತು. ಅದು ತೆಲುಗಿನಲ್ಲಿ 'ಕಾರ್ತೀಕ ದೀಪಂ' ಆಯ್ತು, ಕನ್ನಡದಲ್ಲಿ 'ಮುದ್ದುಲಕ್ಷ್ಮಿ' ಆಯ್ತು, ತಮಿಳಿನಲ್ಲಿ 'ಭಾರತಿ ಕಣ್ಣಮ್ಮ' ಆಯ್ತು. ದಕ್ಷಿಣದ ನಾಲ್ಕೂ ಭಾಷೆಗೆ ಒಂದಿಷ್ಟೂ ತೊಂದರೆ ಇಲ್ಲದೆ ಹೊಂದಿಕೊಂಡ ಕಥೆ ಯಾವುದು ಅಂದ್ರೆ, ಕಪ್ಪು ಹೆಣ್ಣು ಅನುಭವಿಸೋ ಕಷ್ಟ. ಇಂಥ ಪಾತ್ರ ಬಂದಾಗಲೂ ಎಷ್ಟೋ ಸಲ ಬೆಳ್ಳಗಿರೋ ನಟಿಗೇ ಕಪ್ಪು ಮೇಕಪ್ ಬಳೀತಾರೆ. 2019ರ ಹಿಂದಿ 'ಬಾಲಾ' ಚಿತ್ರದಲ್ಲಿ ಭೂಮಿ ಪೆಡ್ನೇಕರ್‌ಗೆ ಹೀಗೇ ಬಳಿದಾಗ ದೊಡ್ಡ ಚರ್ಚೆ ಆಯ್ತು. 'ಬಣ್ಣ ಮುಖ್ಯ ಅಲ್ಲ' ಅಂತ ಹೇಳೋ ಪಾತ್ರ ಕೂಡ ಆ ಬಣ್ಣದ ನಟಿಗೆ ಸಿಗಲಿಲ್ಲ ಅಂದ್ರೆ ಏನು ಹೇಳೋಣ?

ನಮ್ಮ ಮನೆಯದೇ ಉದಾಹರಣೆ ಬೇಕಾ? 2025ರ ಮೇ ತಿಂಗಳಲ್ಲಿ ಮೈಸೂರ್ ಸ್ಯಾಂಡಲ್ ಸೋಪಿನ ರಾಯಭಾರಿಯಾಗಿ ತಮನ್ನಾ ಭಾಟಿಯಾ ಅವರನ್ನು 6.2 ಕೋಟಿ ರೂಪಾಯಿಗೆ ನೇಮಿಸಿದಾಗ ದೊಡ್ಡ ಗದ್ದಲ ಆಯ್ತು. ಕನ್ನಡದವರು ಯಾರೂ ಸಿಗಲಿಲ್ವಾ ಅನ್ನೋದು ಪ್ರಶ್ನೆ. ಕೇಳಬೇಕಾದ ಪ್ರಶ್ನೆನೇ, ನನ್ನ ತಕರಾರಿಲ್ಲ. ಆದ್ರೆ ಆ ನಟಿಗೆ ದಕ್ಷಿಣದ ಪತ್ರಿಕೆಗಳು ವರ್ಷಗಳಿಂದ ಕೊಟ್ಟಿರೋ ಬಿರುದು 'ಮಿಲ್ಕಿ ಬ್ಯೂಟಿ'. ಹಾಲಿನ ಬಣ್ಣವೇ ಅರ್ಹತೆ ಅನ್ನೋ ಹಾಗಿರೋ ಆ ಬಿರುದನ್ನು ಗದ್ದಲದ ಮಧ್ಯೆ ಎಷ್ಟು ಜನ ಪ್ರಶ್ನಿಸಿದ್ರು? ಕಾವೇರಿಯಿಂದ ಗೋದಾವರಿ ತನಕ ಹುಡುಕಿದ್ರೂ ನಮ್ಮ ಬಹುಪಾಲು ಹೆಣ್ಣುಮಕ್ಕಳ ಬಣ್ಣ ಹಾಲಿನದಲ್ಲ, ರಾಗಿಯದು. ರಾಗಿ ಮುದ್ದೆಯ ಮೇಲೆ ನಮಗಿರೋ ಪ್ರೀತಿ ರಾಗಿ ಬಣ್ಣದ ಮೇಲೆ ಇಲ್ಲ ನೋಡಿ.

*

ಇನ್ನು ಹೆಣ್ಣು. ಎಂ.ಜಿ.ರೋಡ್, ಬ್ರಿಗೇಡ್ ರೋಡ್, ಇಂದಿರಾನಗರದ ನೂರಡಿ ರಸ್ತೆ ಇವೆಲ್ಲಾ ನಾನು ಓಡಾಡೋ ಜಾಗಗಳು. ಪ್ರತಿ ಡಿಸೆಂಬರ್ 31ರ ರಾತ್ರಿ ಅಲ್ಲಿ ಚಾನೆಲ್‌ಗಳ ಕ್ಯಾಮೆರಾ ಬೀಡು ಬಿಟ್ಟಿರುತ್ತೆ. ರಸ್ತೆ ತುಂಬಾ ಕುಡಿದ ಗಂಡಸರು ಇರ್ತಾರೆ, ಫುಟ್‌ಪಾತಿನಲ್ಲಿ ಮಲಗಿರ್ತಾರೆ, ಗೋಡೆ ಹಿಡ್ಕೊಂಡು ನಿಂತಿರ್ತಾರೆ. ಕ್ಯಾಮೆರಾಗೆ ಅವರು ಬೇಡ. ಕಾಲು ತಡವರಿಸಿದ ಒಬ್ಬ ಹುಡುಗಿ ಬೇಕು. ಮಾರನೇ ದಿನ ಪೂರ್ತಿ ಅದೇ ಮೂವತ್ತು ಸೆಕೆಂಡು ತಿರುಗುತ್ತೆ, ಮೇಲೆ 'ರಂಪಾಟ' ಅಂತ ಪಟ್ಟಿ. ಗಂಡಸು ಕುಡಿದ್ರೆ ಅದು ಹವಾಮಾನ ವರದಿ ಥರ ಮಾಮೂಲು, ಹೆಂಗಸು ಕುಡಿದ್ರೆ ಬ್ರೇಕಿಂಗ್ ನ್ಯೂಸ್.

ಇದರಿಂದ ಏನಾಗುತ್ತೆ ಅಂತ ಕೇಳಬಹುದು. 2016ರ ಡಿಸೆಂಬರ್ 31ರ ರಾತ್ರಿ ಅದೇ ರಸ್ತೆಗಳಲ್ಲಿ ಗುಂಪುಗಳು ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದ ವರದಿಗಳು ಬಂದವು. ಆಗಿನ ಗೃಹಮಂತ್ರಿ ಜಿ.ಪರಮೇಶ್ವರ್ ಅವರು ಯುವಜನರ ಪಾಶ್ಚಾತ್ಯ ಯೋಚನೆ, ಪಾಶ್ಚಾತ್ಯ ಉಡುಪಿನ ಬಗ್ಗೆ ಮಾತಾಡಿದ್ರು, ದೇಶವೆಲ್ಲಾ ಟೀಕೆ ಮಾಡಿತು. ಆದ್ರೆ ಆ ಮಾತು ಆಕಾಶದಿಂದ ಉದುರಿದ್ದಲ್ಲ. ರಾತ್ರಿ ಹೊತ್ತು ಬ್ರಿಗೇಡ್ ರೋಡಿನಲ್ಲಿರೋ ಹುಡುಗಿ ಅಂದ್ರೆ ಎಂಥವಳು ಅಂತ ವರ್ಷಾನುಗಟ್ಟಲೆ ತೋರಿಸಿ ತೋರಿಸಿ, ನಮ್ಮೆಲ್ಲರ ತಲೆಯಲ್ಲಿ ಒಂದು ಅಚ್ಚು ಮೊದಲೇ ತಯಾರಾಗಿತ್ತು. ಹಲ್ಲೆ ಆದವರನ್ನು ಆ ಅಚ್ಚಿನೊಳಗೆ ಕೂರಿಸೋದು ಮಾತ್ರ ಬಾಕಿ ಇತ್ತು.

ನಮ್ಮ ಪದಗಳನ್ನೇ ನೋಡಿ. 'ಬಜಾರಿ' ಅಂದ್ರೇನು? ಬಜಾರಿನವಳು. ಗಂಡಸು ಬಜಾರಿಗೆ ಹೋದ್ರೆ ತರಕಾರಿ ತರ್ತಾನೆ, ಹೆಂಗಸು ಹೋದ್ರೆ ಬೈಗುಳ ಆಗ್ತಾಳೆ. ಆ 'ಬಜಾರಿ'ಯನ್ನು ಪಳಗಿಸೋ ಕಥೆ ನಮ್ಮ ಚಿತ್ರರಂಗದ ಅಕ್ಷಯ ಪಾತ್ರೆ. 1989ರಲ್ಲಿ ಭರ್ಜರಿಯಾಗಿ ಓಡಿದ 'ನಂಜುಂಡಿ ಕಲ್ಯಾಣ'ಕ್ಕೆ ಮೂಲ ಪರ್ವತವಾಣಿಯವರ ನಾಟಕ, ಆ ನಾಟಕಕ್ಕೆ ಮೂಲ ಶೇಕ್ಸ್‌ಪಿಯರ್. ನಾಲ್ಕು ಶತಮಾನದಿಂದ ಗಂಡ ಹೆಂಡತಿಯ ಸೊಕ್ಕು ಮುರೀತಾನೇ ಇದ್ದಾನೆ, ನಾವು ಶಿಳ್ಳೆ ಹೊಡೀತಾನೇ ಇದ್ದೀವಿ. ಮಾಲಾಶ್ರೀ ಅಭಿನಯ ಸೊಗಸಾಗಿದೆ, ಟಿ.ವಿ.ಯಲ್ಲಿ ಬಂದ್ರೆ ಇವತ್ತೂ ಕೂತು ನೋಡಿಬಿಡ್ತೀನಿ. ಆದ್ರೆ ಗಂಡ-ಹೆಂಡತಿ ಪಾತ್ರ ಅದಲು ಬದಲು ಮಾಡಿ ಒಂದು ಸಲ ಊಹಿಸಿಕೊಳ್ಳಿ. ಅದೇ ಸಿನಿಮಾ ಅರ್ಧ ಗಂಟೆಯಲ್ಲಿ ಕಾಮೆಡಿಯಿಂದ ಕ್ರೈಂ ಸ್ಟೋರಿ ಆಗುತ್ತೆ.

ಈ ಅದಲು ಬದಲನ್ನು ಜಾಹೀರಾತಿನವರೇ ಒಮ್ಮೆ ಮಾಡಿ ತೋರಿಸಿದ್ದಾರೆ. ತೊಂಬತ್ತರ ದಶಕದ ಕ್ಯಾಡ್ಬರಿ ಜಾಹೀರಾತು ನೆನಪಿದೆಯಲ್ಲಾ? ಹುಡುಗ ಸಿಕ್ಸರ್ ಹೊಡೀತಾನೆ, ಹುಡುಗಿ ಮೈದಾನಕ್ಕೆ ನುಗ್ಗಿ ಕುಣೀತಾಳೆ. 2021ರಲ್ಲಿ ಅದನ್ನೇ ಮತ್ತೆ ತೆಗೆದ್ರು. ಈ ಸಲ ಹೊಡೆಯೋಳು ಹುಡುಗಿ, ಕುಣಿಯೋನು ಹುಡುಗ. ಬೇರೇನೂ ಬದಲಾಗಿರಲಿಲ್ಲ, ಆದ್ರೂ ಎಷ್ಟು ಹೊಸದಾಗಿ ಕಂಡಿತು! ಅದೇ ತಿಂಗಳು ಎಂ.ಸಿ.ಸಿ. ಕ್ರಿಕೆಟ್ ನಿಯಮಗಳಲ್ಲಿ 'ಬ್ಯಾಟ್ಸ್‌ಮನ್' ತೆಗೆದು 'ಬ್ಯಾಟರ್' ಅಂತ ಮಾಡಿತು. ನಮ್ಮ ಪತ್ರಿಕೆಗಳೂ ಈಗ ಹಾಗೇ ಬರೀತಾವೆ, ಯಾರ ಆಟಕ್ಕೂ ಏನೂ ಕುಂದು ಬಂದಿಲ್ಲ.

*

ನಾನಿರೋದು ಕೆ.ಆರ್.ಪುರ. ನಮ್ಮ ಮೆಟ್ರೋ ಇಂದಿರಾನಗರ, ಹಲಸೂರು ದಾಟಿ ಊರೊಳಗೆ ಹೋಗುತ್ತೆ. ಇದು ಹಳಬರು 'ದಂಡು' ಅಂತಿದ್ದ ಕಡೆ. 1809ರಲ್ಲಿ ಇಂಗ್ಲಿಷರು ಸೈನ್ಯ ತಂದು ಕೂರಿಸಿದ್ದು ಇಲ್ಲಿ. ಪೇಟೆಗೂ ದಂಡಿಗೂ ಬೇರೆ ಬೇರೆ ಆಡಳಿತ ಇತ್ತು, ಎರಡೂ ಒಂದೇ ನಗರಸಭೆ ಆದದ್ದು 1949ರಲ್ಲಿ. ದಂಡಿನ ಜೊತೆ ತಮಿಳರು ಬಂದ್ರು, ದಖನಿ ಉರ್ದುವಿನವರು ಬಂದ್ರು, ಆಂಗ್ಲೋ ಇಂಡಿಯನ್ನರು ಬೆಳೆದ್ರು. ಈಗ ಮಣಿಪುರ, ನಾಗಾಲ್ಯಾಂಡ್, ಅಸ್ಸಾಮಿನವರಿದ್ದಾರೆ. ಕಮ್ಮನಹಳ್ಳಿ, ಬಾಣಸವಾಡಿ, ಹೊರಮಾವು ಕಡೆ ಆಫ್ರಿಕಾದ ದೇಶಗಳಿಂದ ಓದೋಕೆ ಬಂದ ಹುಡುಗರಿದ್ದಾರೆ. ಪರದೆಯ ಮೇಲಿನ ಅಚ್ಚು ನಿಜವೋ ಸುಳ್ಳೋ ಅಂತ ತಾಳೆ ನೋಡೋಕೆ ಇದಕ್ಕಿಂತ ಒಳ್ಳೇ ಜಾಗ ಬೇಕಾ?

ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳನ್ನೇ ತಗೊಳ್ಳಿ. ಹಳೇ ಸಿನಿಮಾಗಳಲ್ಲಿ ಕ್ಲಬ್ಬಿನಲ್ಲಿ ಕುಣಿಯೋಳ ಹೆಸರು ಲಿಲ್ಲಿ, ರೀಟಾ, ಮೇರಿ. 1975ರ ಹಿಂದಿ 'ಜೂಲಿ'ಯಲ್ಲಿ ಮದುವೆಗೆ ಮುಂಚೆ ಬಸುರಾಗೋ ಆಂಗ್ಲೋ ಇಂಡಿಯನ್ ನಾಯಕಿ, ಕುಡಿಯೋ ಅಪ್ಪ. ಅದಕ್ಕೂ ಮೊದಲು ಮಲಯಾಳಂನಲ್ಲಿ ಬಂದಿತ್ತು, 2006ರಲ್ಲಿ ಕನ್ನಡಕ್ಕೂ ರಿಮೇಕ್ ಆಯ್ತು. ಆ ಕಥೆ ನಾಯಕಿಯ ಪರವಾಗೇ ಇದೆ, ಒಪ್ತೀನಿ. ಆದ್ರೆ ಕಾಕ್ಸ್‌ಟೌನ್, ರಿಚರ್ಡ್ಸ್‌ಟೌನ್ ಕಡೆಯ ಆ ಹೆಂಗಸರು ನಿಜವಾಗಿ ಏನಾಗಿದ್ರು? ಟೀಚರು, ನರ್ಸು, ಟೆಲಿಫೋನ್ ಆಪರೇಟರು, ಸ್ಟೆನೋ. ನಮ್ಮ ಅಜ್ಜಿಯಂದಿರು ಹೊಸ್ತಿಲು ದಾಟೋಕೆ ಯೋಚಿಸ್ತಿದ್ದ ಕಾಲದಲ್ಲಿ ದುಡಿದು ಸಂಬಳ ತಂದವರು. ಇವತ್ತು ನನ್ನ ಟೀಮಿನಲ್ಲಿರೋ ಹುಡುಗಿಯರ ದಾರಿ ಮೊದಲು ತುಳಿದವರಲ್ಲಿ ಅವರೂ ಇದ್ದಾರೆ. ಅದನ್ನು ಹೇಳೋ ಕನ್ನಡ ಸಿನಿಮಾ ನಾನಂತೂ ನೋಡಿಲ್ಲ.

ಹಲಸೂರು ಕೆರೆ ಹತ್ರ ತಿರುವಳ್ಳುವರ್ ಪ್ರತಿಮೆ ಇದೆ. 1991ರಲ್ಲಿ ತಂದು ನಿಲ್ಲಿಸಿದ ಪ್ರತಿಮೆ 18 ವರ್ಷ ಮುಸುಕು ಹಾಕ್ಕೊಂಡೇ ನಿಂತಿತ್ತು, ಅನಾವರಣ ಆದದ್ದು 2009ರ ಆಗಸ್ಟ್ 9ಕ್ಕೆ. ನಾಲ್ಕು ದಿನ ಬಿಟ್ಟು ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣ ಆಯ್ತು. ಆ 18 ವರ್ಷ ನಮ್ಮಲ್ಲಿ ಅನೇಕರಿಗೆ ಅಲ್ಲಿ ಕಂಡದ್ದು ಕವಿ ಅಲ್ಲ, 'ತಮಿಳರು'. ರಿಪ್ಲೇಸ್ ಮಾಡಿ ನೋಡಿ: ಚೆನ್ನೈಯಲ್ಲಿ ನಮ್ಮ ಸರ್ವಜ್ಞನಿಗೆ 18 ವರ್ಷ ಗೋಣಿತಾಟು ಸುತ್ತಿ ನಿಲ್ಲಿಸಿದ್ದಿದ್ರೆ?

ಈಶಾನ್ಯದವರ ಪಾಡು ಇನ್ನೊಂದು ಥರ. ಅವರು ಪರದೆಯ ಮೇಲೆ ಕಾಣೋದೇ ಅಪರೂಪ. ಮಣಿಪುರದ ಮೇರಿ ಕೋಮ್ ಮೇಲೆ 2014ರಲ್ಲಿ ಸಿನಿಮಾ ಬಂದಾಗ ಪಾತ್ರ ಮಾಡಿದ್ದು ಪ್ರಿಯಾಂಕಾ ಚೋಪ್ರಾ. ಟಿ.ವಿ.ಯಲ್ಲಿ ಸರಿಯಾಗಿ ಕಂಡೇ ಇಲ್ಲದ ಮುಖ ಬೀದಿಯಲ್ಲಿ ಕಂಡಾಗ ನಮ್ಮವರ ಬಾಯಲ್ಲಿ ಬರೋದು 'ಚಿಂಕಿ', 'ನೇಪಾಳಿ', 'ಚೀನಾದವನು'. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ಗಾಳಿಸುದ್ದಿಗೆ ಹೆದರಿ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ರು. ಕೇಂದ್ರ ಸರ್ಕಾರ ಕೆಲವು ದಿನ ಒಬ್ಬರು ದಿನಕ್ಕೆ 5 ಎಸ್ಸೆಮ್ಮೆಸ್ ಮಾತ್ರ ಕಳಿಸಬಹುದು ಅಂತ ಮಿತಿ ಹಾಕಿತ್ತು. ಸುದ್ದಿ ಸುಳ್ಳು, ಸರಿ. ಆದ್ರೆ ಊರು ನಮ್ಮನ್ನು ಕಾಪಾಡುತ್ತೆ ಅನ್ನೋ ನಂಬಿಕೆ ಅವರಿಗೆ ಇದ್ದಿದ್ರೆ ಒಂದು ಮೆಸೇಜಿಗೆ ಕೆಲಸ, ಕಾಲೇಜು ಬಿಟ್ಟು ಅಷ್ಟು ಜನ ಹೊರಡ್ತಿದ್ರಾ? 2020ರ ಮಾರ್ಚ್‌ನಲ್ಲಿ ಮೈಸೂರಿನ ಒಂದು ಸೂಪರ್ ಮಾರ್ಕೆಟ್ಟು ನಾಗಾಲ್ಯಾಂಡಿನ ಇಬ್ಬರು ಹುಡುಗರನ್ನು ಒಳಗೇ ಬಿಡಲಿಲ್ಲ. ಕೊರೊನಾ ಬಂದದ್ದು ಚೀನಾದಿಂದ, ಇವರ ಮುಖ ಚೀನಾದವರ ಥರ, ಲೆಕ್ಕ ಅಲ್ಲಿಗೇ ಮುಗೀತು.

ಆಫ್ರಿಕಾದವರ ವಿಷಯಕ್ಕೆ ಬಂದ್ರೆ ನಮ್ಮ ಚಾನೆಲ್‌ಗಳಿಗೆ ಇಷ್ಟವಾದ ಪದ 'ಹಾವಳಿ'. ಒಂದು ನಿಮಿಷ ಈ ಪದದ ಮೇಲೆ ನಿಲ್ಲಿ. ಕನ್ನಡದಲ್ಲಿ ಹಾವಳಿ ಯಾರದು? ಕಾಡಾನೆ ಹಾವಳಿ, ಬೀದಿನಾಯಿ ಹಾವಳಿ, ಸೊಳ್ಳೆ ಹಾವಳಿ. ಆ ಸಾಲಿಗೆ ಮನುಷ್ಯರನ್ನು ಸೇರಿಸ್ತೀವಿ. ಡ್ರಗ್ಸ್ ಕೇಸಿನಲ್ಲಿ ಆಫ್ರಿಕಾದವರು ಸಿಕ್ಕಿಬೀಳೋದು ಸುಳ್ಳಾ ಅಂತ ಕೇಳ್ತೀರಿ. ಸುಳ್ಳಲ್ಲ. ಸಿಕ್ಕವರ ಹೆಸರು, ದೇಶ, ಆರೋಪ ಬರೀಲಿ, ಅದು ಸುದ್ದಿ. ಆದ್ರೆ ಡ್ರಗ್ಸ್ ಕೇಸಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರುಗಳೂ ಸಿಕ್ಕಿದ್ದಾರೆ. 'ಕೆ.ಆರ್.ಪುರದಲ್ಲಿ ಟೆಕ್ಕಿಗಳ ಹಾವಳಿ' ಅಂತ ಹಾಕಿ, ಮೆಟ್ರೋದಿಂದ ಇಳಿದು ತರಕಾರಿ ತಗೊಳ್ತಿರೋ ನನ್ನ ಮುಖ ತೋರಿಸಿದ್ರೆ? ನಮ್ಮ ಕಡೆಯ ಬೀದಿಗಳಲ್ಲಿ ಬಾಳೆಹಣ್ಣು, ರೀಚಾರ್ಜು ಅಂತ ಓಡಾಡೋ ಹುಡುಗ ಹುಡುಗಿಯರಿಗೆ ಆ ಒಂದು ಪದ ಮಾಡೋದು ಇದನ್ನೇ.

ಆ ಪದ ಪರದೆಯಿಂದ ಕೆಳಗಿಳಿದು ಬಂದ್ರೆ ಹೇಗಿರುತ್ತೆ ಅನ್ನೋದನ್ನು ಊರಿನ ಇನ್ನೊಂದು ತುದಿ ನೋಡಿದೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಸ್ಥಳೀಯ ಹೆಂಗಸೊಬ್ಬರು ತೀರಿಕೊಂಡ್ರು. ಘೋರವೇ, ಕೋಪ ಬರೋದು ಸಹಜವೇ. ಸುಮಾರು ಅರ್ಧ ಗಂಟೆ ಬಿಟ್ಟು ಇನ್ನೊಂದು ಕಾರಿನಲ್ಲಿ ಟಾಂಜಾನಿಯಾದ ವಿದ್ಯಾರ್ಥಿಗಳು ಅದೇ ದಾರಿಯಲ್ಲಿ ಬಂದ್ರು. ಅವರಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಗುಂಪು ಅವರನ್ನು ಹೊರಗೆಳೆದು ಹೊಡೆಯಿತು, 21 ವರ್ಷದ ಹುಡುಗಿಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಸುಡಾನ್ ಎಲ್ಲಿ, ಟಾಂಜಾನಿಯಾ ಎಲ್ಲಿ! ಇದು ಜನಾಂಗೀಯ ದಾಳಿ ಅಲ್ಲ ಅಂತ ಸರ್ಕಾರದ ಕಡೆಯಿಂದ ಹೇಳಿಕೆ ಬಂತು. ಒಬ್ಬನ ತಪ್ಪಿಗೆ ಅದೇ ಬಣ್ಣದ ಇನ್ನೊಬ್ಬಳನ್ನು ಹಿಡಿದು ಹೊಡೆಯೋದಕ್ಕೆ ಬೇರೆ ಯಾವ ಹೆಸರಿದೆ?

ನಾನು ಹೇಳಬೇಕಾದ್ದು ಇಷ್ಟೇ. ಅಚ್ಚು ಮಾಡೋ ಕೆಲಸ ಅವಮಾನ ಮಾತ್ರ ಅಲ್ಲ. ಅದು ಮನುಷ್ಯರನ್ನು ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಹಾಕಬಹುದಾದ ಸಾಮಾನು ಮಾಡಿಬಿಡುತ್ತೆ. ಆ ರಾತ್ರಿ ಗುಂಪು ಮಾಡಿದ್ದೂ ಫೈಂಡ್ ಅಂಡ್ ರಿಪ್ಲೇಸೇ, ಆದ್ರೆ ಪದಗಳ ಮೇಲಲ್ಲ, ಜೀವಗಳ ಮೇಲೆ.

*

'ಹಾಗಾದ್ರೆ ನಗೋದೇ ಬೇಡ್ವಾ?' ನಗೋಣ ಸ್ವಾಮಿ. ಆದ್ರೆ ಒಬ್ಬ ಪಾತ್ರದ ಜಿಪುಣತನಕ್ಕೆ ನಗೋದು ಬೇರೆ, ಒಂದು ಜನದ ಉಚ್ಚಾರಣೆಗೆ ನಗೋದು ಬೇರೆ. ಮೊದಲನೇದಕ್ಕೆ ಬರೆಯೋನಿಗೆ ಕಣ್ಣು ಬೇಕು. ಎರಡನೇದಕ್ಕೆ ಏನೂ ಬೇಡ, ಹಳೇ ಅಚ್ಚು ಸಾಕು. ನಿಜ ಹೇಳಬೇಕಂದ್ರೆ ಅದು ಸೋಮಾರಿತನ, ನಮ್ಮ ಭಾಷೆಯಲ್ಲಿ ಕಾಪಿ ಪೇಸ್ಟ್.

ಈಗ ಇದು ಸಿನಿಮಾ, ಟಿ.ವಿ.ಗೆ ನಿಲ್ಲೋದೂ ಇಲ್ಲ. 2016ರಲ್ಲಿ ಅಮೆರಿಕದ ಸಂಶೋಧಕರು ಗೂಗಲ್ ನ್ಯೂಸ್‌ನ ಸುದ್ದಿಗಳನ್ನು ಓದಿಸಿ ತಯಾರಿಸಿದ್ದ ಒಂದು ಭಾಷಾ ಮಾಡೆಲನ್ನು ಪರೀಕ್ಷೆ ಮಾಡಿದ್ರು. ಗಂಡಸಿಗೆ ಕಂಪ್ಯೂಟರ್ ಪ್ರೋಗ್ರಾಮರ್ ಹೇಗೋ ಹೆಂಗಸಿಗೆ ಅದು ಯಾವುದು ಅಂದ್ರೆ, 'ಗೃಹಿಣಿ' ಅಂತು ಯಂತ್ರ! ಅದಕ್ಕೆ ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ, ಪತ್ರಿಕೆ ಓದಿ ಕಲಿತದ್ದು. ನಾವು ಇವತ್ತು ಕನ್ನಡದಲ್ಲಿ ಬರೀತಾ ಇರೋದನ್ನೂ ನಾಳೆ ಯಾವುದೋ ಯಂತ್ರ ಓದುತ್ತೆ. 'ಹಾವಳಿ' ಬರೆದ್ರೆ ಹಾವಳಿನೇ ಕಲಿಯುತ್ತೆ.

ಕನ್ನಡದಲ್ಲಿ ಇದಕ್ಕೆ ಮದ್ದೂ ಇದೆ. 'ಡಾಕ್ಟರು ಬಂದರು' ಅಂದ್ರೆ ಗಂಡೋ ಹೆಣ್ಣೋ ಗೊತ್ತಾಗಲ್ಲ. ನಮ್ಮ 'ಅವರು' ಅನ್ನೋದಕ್ಕೆ ಲಿಂಗ ಇಲ್ಲ, ಬಣ್ಣ ಇಲ್ಲ, ದೇಶ ಇಲ್ಲ, ಇರೋದು ಮರ್ಯಾದೆ ಮಾತ್ರ. ಯಾರ ಬಗ್ಗೆ ಬರೆಯುವಾಗಲೂ ಮೊದಲು 'ಅವರು' ಅಂತ ಹಾಕಿ ನೋಡಿ, ಅರ್ಧ ವಾಕ್ಯಗಳು ತಾವಾಗೇ ತಿದ್ದಿಕೊಳ್ಳುತ್ತವೆ.

ಬ್ಲಾಗು ಬರೆಯೋ ನಾವ್ಯಾರೂ ಟಿ.ಆರ್.ಪಿ.ಗಾಗಿ ಬರೆಯೋರಲ್ಲ. ಹಾಗಾಗಿ ಇದನ್ನು ಶುರು ಮಾಡೋದು ನಮಗೇ ಸುಲಭ. ಈ ವಾರ ನೀವು ನೋಡಿದ ಒಂದು ಜಾಹೀರಾತು, ಓದಿದ ಒಂದು ಹೆಡ್‌ಲೈನು, ಕೇಳಿದ ಒಂದು ಜೋಕು ತಗೊಂಡು ಹೆಸರು ಬದಲಿಸಿ ನೋಡಿ. ಏನು ಕಂಡಿತು ಅಂತ ಕೆಳಗೆ ಬರೀರಿ. ನಾನು ಹೇಳಿದ್ದರಲ್ಲಿ ಒಪ್ಪದೇ ಇರೋದು ಇದ್ರೆ ಅದನ್ನೂ ಬರೀರಿ, ಜಗಳ ಆಡೋಣ :-)